ಸ್ಲೈಡಿಗೊಂದು ಸಮಿತಿ

ಕಾಲೇಜಿನಲ್ಲಿ ಗಣಿತ ಕಲಿಸಲೆಂದು ಹೊಸದಾಗಿ ಸೇರುತ್ತಿರುವವರು ಒಂದು ಸಂಗತಿಯನ್ನು ಮೊದಲೇ ತಿಳಿದುಕೊಂಡರೆ ಒಳ್ಳೆಯದು. ಗಣಿತ ಕಲಿಸುವುದು ನಿಮ್ಮ ಅನೇಕ ಕೆಲಸಗಳಲ್ಲಿ ಒಂದು. ಉಳಿದವನ್ನು ಮಾಡದಿದ್ದರೆ ನೋಟಿಸು ಬರುತ್ತದೆ. ಇದೊಂದನ್ನು ಮಾಡದಿದ್ದರೆ ಯಾರೂ ಕೇಳುವುದಿಲ್ಲ.

ವಿಜಯಪುರ ಜಿಲ್ಲೆಯ ಇಂಡಿಯಲ್ಲಿ ಸೇವೆಗೆ ಸೇರಿ ಸಿಂದಗಿಯಲ್ಲಿ ನಿವೃತ್ತಳಾದವಳು ನಾನು. ಬಡ್ತಿ, ವೇತನಶ್ರೇಣಿ, ಸನ್ಮಾನಗಳ ಬಗ್ಗೆ ಬರೆಯುವುದಿಲ್ಲ. ಅವನ್ನೆಲ್ಲ ನಮ್ಮ ಯಜಮಾನರು ಮದುವೆ ಮುಂಜಿಗಳಲ್ಲಿ ನೆಂಟರಿಗೆ ಹೇಳಿ ಮುಗಿಸಿದ್ದಾರೆ. ನಾನು ಹೇಳಹೊರಟಿದ್ದು ಸ್ಲೈಡಿನ ವಿಷಯ. ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಯಾವ ಪ್ರಮೇಯಕ್ಕೂ ಸಿಗದ ಮಹತ್ವ ಅದಕ್ಕೆ ಸಿಕ್ಕಿತು.

ನಾನು ಇಂಡಿಗೆ ಹೋದಾಗ ಸ್ಲೈಡ್ ಎಂದರೆ ಜೀವಶಾಸ್ತ್ರದವರ ಗಾಜಿನ ಚೂರು. ನಮಗೆ ಸುಣ್ಣದ ಕಡ್ಡಿ, ಕರೀ ಹಲಗೆ. ಪಾರದರ್ಶಕ ಹಾಳೆಯ ಮೇಲೆ ಬರೆದದ್ದನ್ನು ಗೋಡೆಗೆ ಬಿಡುವ ಒಂದು ಯಂತ್ರ ಕಾಲೇಜಿನಲ್ಲಿತ್ತು. ಅದು ಪ್ರಿನ್ಸಿಪಾಲರ ಕಪಾಟಿನಲ್ಲಿ ಬಟ್ಟೆ ಹೊದ್ದು ಮಲಗಿರುತ್ತಿತ್ತು. ಆಯುಧಪೂಜೆಯ ದಿನ ಹೊರಗೆ ಬಂದು ಕುಂಕುಮ ಹಚ್ಚಿಸಿಕೊಂಡು ಮತ್ತೆ ಒಳಗೆ ಹೋಗುತ್ತಿತ್ತು. ಬಲ್ಬು ಸುಟ್ಟೀತೆಂದು ಯಾರೂ ಮುಟ್ಟಲಿಲ್ಲ. ಕೊನೆಗೆ ಅದನ್ನು ಗುಜರಿಗೆ ಹಾಕಿದಾಗಲೂ ಬಲ್ಬು ಹೊಸದೇ ಇತ್ತು.

ನಾನು ಸಿಂದಗಿಗೆ ವರ್ಗವಾಗಿ ಬರುವ ಹೊತ್ತಿಗೆ ಎಲ್ಲರ ಬಾಯಲ್ಲೂ ಪಿಪಿಟಿ ಎಂಬ ಮಾತು ಬಂದಿತ್ತು. ಕಂಪ್ಯೂಟರಿನಲ್ಲಿ ಸ್ಲೈಡ್ ಮಾಡಿ ಪರದೆಗೆ ಬಿಡುವುದು. ನಾನೂ ಕಲಿತೆ. ಬಸವನ ಬಾಗೇವಾಡಿಯಲ್ಲಿ ಶಿಕ್ಷಕರಿಗಾಗಿ ಒಂದು ಕಾರ್ಯಾಗಾರ ಏರ್ಪಟ್ಟಾಗ ಕನ್ನಡದಲ್ಲಿ ಕಲನಶಾಸ್ತ್ರ ಹೇಳುತ್ತೇನೆಂದು ಒಪ್ಪಿಕೊಂಡೆ. ಮನೆಯ ಕಂಪ್ಯೂಟರಿನಲ್ಲಿ ಕೂತು, ಆ ಕಾಲದ ಒಂದು ಕನ್ನಡ ಫಾಂಟಿನಲ್ಲಿ ಪ್ರತಿ ವ್ಯಾಖ್ಯೆಯನ್ನೂ ಟೈಪು ಮಾಡಿ, ಪೆನ್‌ಡ್ರೈವನ್ನು ಪರ್ಸಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಬಾಗೇವಾಡಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ಪರದೆಯ ಮೇಲೆ ಬಂದದ್ದು ತಲೆಗೆ ಟೋಪಿ, ಹೊಟ್ಟೆಗೆ ಅಡ್ಡಗೆರೆ, ಕಾಲಿಗೆ ಕೊಕ್ಕೆ ಇರುವ ಯಾವುದೋ ಸೀಮೆಯ ಅಕ್ಷರಗಳು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಆದರೆ ಮುಂದಿನ ಸಾಲಿನಲ್ಲಿ ಕೂತವರೆಲ್ಲ ಅದನ್ನು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು. ನಾನು ಗಾಬರಿಯಲ್ಲಿ ಮುಂದಿನ ಸ್ಲೈಡಿಗೆ ಹೋದರೆ ಒಬ್ಬ ಹಿರಿಯ ಶಿಕ್ಷಕರು ಕೈಯೆತ್ತಿದರು.

"ಮೇಡಮ್ಮರ, ಹಿಂದಿನದು ಸ್ವಲ್ಪ ತೋರಸ್ರಿ. ಕಡೀ ಸಾಲ ಉಳೀತು."

"ಸರ್, ಅದು ಕನ್ನಡರಿ," ಎಂದೆ.

ಅವರು ಕನ್ನಡಕ ಸರಿಮಾಡಿಕೊಂಡು ಪರದೆಯನ್ನು ದಿಟ್ಟಿಸಿದರು. "ಹೌದ್ರಿ? ನಾ ಗಣಿತ ಅನ್ಕೊಂಡಿದ್ನಿ."

ಸಮಾರೋಪದಲ್ಲಿ ಅಧ್ಯಕ್ಷರು, ಇಷ್ಟು ಕಠಿಣ ವಿಷಯವನ್ನು ಇಷ್ಟು ಸರಳವಾಗಿ ತಾವು ಎಲ್ಲೂ ಕೇಳಿಲ್ಲವೆಂದು ಹೊಗಳಿ ಶಾಲು ಹೊದಿಸಿದರು. ಆ ಶಾಲು ಹೊದ್ದುಕೊಂಡೇ ನಾನು ಬಸ್‌ಸ್ಟ್ಯಾಂಡಿಗೆ ನಡೆದೆ. ಮುಖ ಮುಚ್ಚಿಕೊಳ್ಳಲು ಅನುಕೂಲವಾಗಿತ್ತು.

ಮರುದಿನ ಇದನ್ನು ಭೌತಶಾಸ್ತ್ರದ ನದಾಫ ಸರ್‌ಗೆ ಹೇಳಿದೆ. ಅವರು ನಗಲಿಲ್ಲ. ನದಾಫರು ನಗುವುದು ತಮ್ಮ ಜೋಕಿಗೆ ಮಾತ್ರ.

"ನೀವು ಲೇಟೆಕ್ ಕಲೀರಿ ಮೇಡಮ್," ಎಂದರು. "ಅಲ್ಲಿ ಒಮ್ಮೆ ಕುಂತ ಅಕ್ಷರ ಮತ್ತ ಏಳೂದಿಲ್ಲ."

ಲೇಟೆಕ್ ಎಂದರೆ ಅಕ್ಷರ ಜೋಡಣೆಯ ತಂತ್ರಾಂಶ. ಅದರಲ್ಲಿ ಪುಟವನ್ನು ಕಣ್ಣೆದುರು ಎಳೆದಾಡುವ ಹಾಗಿಲ್ಲ. ಇದು ತಲೆಬರಹ, ಇದು ಸಮೀಕರಣ, ಇದು ಪ್ರಮೇಯ ಎಂದು ಸಾದಾ ಅಕ್ಷರಗಳಲ್ಲಿ ಅಪ್ಪಣೆ ಬರೆದುಕೊಡಬೇಕು. ಅದು ಒಳಗೆ ಹೋಗಿ ಅಚ್ಚಿನ ಪುಸ್ತಕದಂಥ ಪುಟ ಮಾಡಿ ತರುತ್ತದೆ. ಅಪ್ಪಣೆಯಲ್ಲಿ ಒಂದು ಆವರಣ ಚಿಹ್ನೆ ಬಿಟ್ಟಿದ್ದರೆ ಏನನ್ನೂ ತರದೆ ಬಯ್ಯುತ್ತದೆ. ನಾನು ಪ್ರಶ್ನೆಪತ್ರಿಕೆಯಿಂದ ಸುರುಮಾಡಿದೆ. ಮೊದಲ ಬಾರಿ ಒಂದು ಸಮಾಕಲದ, ಅಂದರೆ ಇಂಟಿಗ್ರಲ್‌ನ, ಚಿಹ್ನೆ ಅದರ ಮಿತಿಗಳೊಂದಿಗೆ ನೆಟ್ಟಗೆ ನಿಂತದ್ದನ್ನು ಕಂಡಾಗ ನನಗಾದ ಸಂತೋಷವನ್ನು ಯಜಮಾನರಿಗೆ ಹೇಳಲು ಹೋಗಿ ಬೇಸರಪಟ್ಟೆ. ಅವರು, "ಚಲೋ ಆತಲ್ಲ, ಚಾ ಮಾಡ್ತಿಯೇನು?" ಎಂದರು.

ಸ್ಲೈಡಿಗೆ ಬಂದಾಗ ನದಾಫರ ಬಳಿಯೂ ಒಂದೇ ಉತ್ತರ ಇರಲಿಲ್ಲ. ಲೇಟೆಕ್‌ನೊಳಗೇ ಸ್ಲೈಡ್ ಮಾಡುವ ದಾರಿ ಹಲವು. ತೀರ ಹಳೆಯದೊಂದು ಪಾರದರ್ಶಕ ಹಾಳೆಯ ಕಾಲದ್ದು. ಪ್ರಾಸ್ಪರ್ ಎಂಬ ಇನ್ನೊಂದನ್ನು ಆ ಹೊತ್ತಿಗೆ ಯಾರೂ ನೋಡಿಕೊಳ್ಳುತ್ತಿರಲಿಲ್ಲ. ಮೂರನೆಯದು ಬೀಮರ್. ನಾವು ಬೀಮರ್ ಹಿಡಿದೆವು, ಯಾಕೆಂದರೆ ತಪ್ಪಾದಾಗ ಕೇಳಲು ಜಗತ್ತಿನಲ್ಲಿ ಜನ ಇದ್ದದ್ದು ಅದಕ್ಕೇ. ಸಾಧನ ಆರಿಸುವಾಗ ನಾನು ಕಂಡ ಏಕೈಕ ಬುದ್ಧಿವಂತ ಕಾರಣ ಇದು. ಅದನ್ನು ಸ್ಟಾಫ್‌ರೂಮಿನಲ್ಲಿ ನಾವಿಬ್ಬರೇ ಕೂತು ಒಂದು ಚಹಾದ ಅವಧಿಯಲ್ಲಿ ತೀರ್ಮಾನಿಸಿದೆವು. ಕನ್ನಡದ ಒತ್ತಕ್ಷರಗಳು ಮೊದಮೊದಲು ಬಿಡಿಬಿಡಿಯಾಗಿ ಉದುರಿ ಬಿದ್ದವು. ಆಮೇಲೆ ಯುನಿಕೋಡ್ ಓದಬಲ್ಲ ಇನ್ನೊಂದು ಎಂಜಿನ್ನಿಗೆ ಕೊಟ್ಟಾಗ ಸಾಲಾಗಿ ನಿಂತವು. ಹೊರಗೆ ಬರುವುದು ಪಿಡಿಎಫ್, ಫಾಂಟು ಅದರ ಹೊಟ್ಟೆಯಲ್ಲೇ ಇರುತ್ತದೆ. ಬಾಗೇವಾಡಿಯೇನು, ಯಾವ ಊರಿಗೆ ಒಯ್ದರೂ ಕನ್ನಡ ಕನ್ನಡವಾಗಿಯೇ ಇರುತ್ತದೆ.

ಹೀಗಿರುವಾಗ ಮೇಲಿನಿಂದ ಸುತ್ತೋಲೆ ಬಂತು. ವಿದ್ಯಾರ್ಥಿಗಳು ಕಡಿಮೆ ಇರುವ ವಿಭಾಗಗಳನ್ನು ಮುಚ್ಚುವ ಬಗ್ಗೆ ಪರಿಶೀಲಿಸಲು ಒಂದು ತಂಡ ಬರುತ್ತದೆ, ಕಾಲೇಜು ತನ್ನ ವಾದವನ್ನು ಸ್ಲೈಡ್ ಮೂಲಕ ಮಂಡಿಸಬೇಕು. ನಮ್ಮಲ್ಲಿ ಕಡಿಮೆ ಮಕ್ಕಳಿದ್ದದ್ದು ಬಿ.ಎಸ್ಸಿ. ಗಣಿತಕ್ಕೇ. ಸುದ್ದಿ ತಿಳಿದ ದಿನ ರೇಣುಕಾ ಎಂಬ ಹುಡುಗಿ ಸ್ಟಾಫ್‌ರೂಮಿನ ಬಾಗಿಲಲ್ಲಿ ಬಂದು ನಿಂತಳು. ಯಂಕಂಚಿ ಹಳ್ಳಿಯಿಂದ ಬರುತ್ತಿದ್ದವಳು, ಎರಡನೆಯ ವರ್ಷ, ಮಾತು ನೇರ.

"ಮೇಡಮ್, ಸೆಕ್ಷನ್ ಬಂದ್ ಆಕ್ಕೈತಂತ ಹೌದೇನ್ರಿ?"

"ಇನ್ನೂ ಏನೂ ಆಗಿಲ್ಲವ್ವಾ."

"ಆದ್ರ ನಾನೂ ತಾಂಬಾದ ಹುಡುಗ್ಯಾರೂ ಎಲ್ಲಿ ಹೋಗೂಣ್ರಿ? ನಮ್ಮಪ್ಪ ವಿಜಯಪುರಕ್ಕ ಕಳಸೂದಿಲ್ಲ ಅಂದಾನ. ಗಣಿತ ಬಿಟ್ಟು ಬಿ.ಎ. ಮಾಡು ಅಂತಾನ. ನಾ ಮಾಡೂದಿಲ್ರಿ."

ಅವಳ ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು. ಆ ಸಿಟ್ಟು ನನಗೆ ಹಿಡಿಸಿತು. ನಾನು ನೇರವಾಗಿ ಪ್ರಿನ್ಸಿಪಾಲ್ ಹೊಸಮನಿ ಸರ್ ಹತ್ತಿರ ಹೋಗಿ, ಈ ಮಕ್ಕಳ ವಿಷಯ ನಾನೇ ಮಂಡಿಸುತ್ತೇನೆ ಎಂದೆ.

ಹೊಸಮನಿ ಸರ್ ಕೆಟ್ಟವರಲ್ಲ. ಯಾವ ತೀರ್ಮಾನವನ್ನೂ ಒಬ್ಬರೇ ತೆಗೆದುಕೊಳ್ಳಬಾರದು ಎಂಬುದು ಅವರ ನಂಬಿಕೆ. ಅವರ ಕೋಣೆಯ ಫ್ಯಾನು ಕೆಟ್ಟಾಗಲೂ ಮೂವರ ಸಮಿತಿ ಮಾಡಿದ್ದರು. ಸಮಿತಿ ವರದಿ ಕೊಡುವಷ್ಟರಲ್ಲಿ ಚಳಿಗಾಲ ಬಂದಿತ್ತು. ನನ್ನ ಮಾತು ಕೇಳಿದವರೇ, "ಮಂಡಿಸ್ರಿ, ಮಂಡಿಸ್ರಿ. ಆದ್ರ ಯಾವುದ್ರಾಗ ಮಾಡ್ತೀರಿ ಸ್ಲೈಡು?" ಎಂದರು.

"ಬೀಮರ್‌ನ್ಯಾಗ ಮಾಡ್ತೇನ್ರಿ."

"ಅದು ಸರಿನೋ ತಪ್ಪೋ ನೋಡಬೇಕಲ್ರಿ," ಎಂದು ಅಂದೇ ಆದೇಶ ಹೊರಡಿಸಿದರು. ಸ್ಲೈಡ್ ತಯಾರಿಕಾ ಸಾಧನ ಆಯ್ಕೆ ಸಮಿತಿ. ಅಧ್ಯಕ್ಷರು ಅವರೇ. ಸದಸ್ಯರು ನಾನು, ನದಾಫರು, ವಾಣಿಜ್ಯದ ಬಿರಾದಾರರು. ಇತಿಹಾಸದ ಸರ್‌ಗೆ ಆ ಅವಧಿಯಲ್ಲಿ ಕ್ಲಾಸ್ ಇರಲಿಲ್ಲವಾದ್ದರಿಂದ ಅವರೂ.

ಬಿರಾದಾರರು ಪಿಪಿಟಿಯ ಪಕ್ಷ. ಮೊದಲ ಸಭೆಗೆ ಲ್ಯಾಪ್‌ಟಾಪ್ ತಂದು ಪ್ರಾತ್ಯಕ್ಷಿಕೆ ಕೊಟ್ಟರು. ಕಾಲೇಜಿನ ಹೆಸರು ಒಂದೊಂದೇ ಅಕ್ಷರವಾಗಿ ಮೂಲೆಮೂಲೆಯಿಂದ ಹಾರಿ ಬಂದು ಕೂತಿತು. ಪ್ರಿನ್ಸಿಪಾಲರ ಫೋಟೋ ಬುಗುರಿಯಂತೆ ತಿರುಗುತ್ತ ಬಂದು ನಿಂತಿತು. ಪ್ರತಿ ಸ್ಲೈಡ್ ಮುಗಿದಾಗಲೂ ಕಂಪ್ಯೂಟರಿನೊಳಗಿಂದ ಚಪ್ಪಾಳೆ.

"ತಂಡದವ್ರು ಹೊಡೀಲಿಲ್ಲಂದ್ರೂ ಇದು ಹೊಡೀತೈತ್ರಿ," ಎಂದು ಬಿರಾದಾರರು ವಿವರಿಸಿದರು.

ಎರಡನೆಯ ಸಭೆ ನದಾಫರದು. ಅವರು ಬೀಮರಿನ ಅಪ್ಪಣೆಗಳನ್ನು ಬರೆದು ಓಡಿಸಿದರು. ಕಂಪ್ಯೂಟರಿನ ಪರದೆಯ ಕರೀ ಕಿಟಕಿಯಲ್ಲಿ ಇಂಗ್ಲಿಷ್ ಸಾಲುಗಳು ಸರಸರನೆ ಓಡತೊಡಗಿದವು. ಸಾಲಿನಲ್ಲಿ ಪದಗಳು ಸಡಿಲವಾಗಿ ಕೂತರೆ ಈ ತಂತ್ರಾಂಶ ಅದಕ್ಕೆ ಬ್ಯಾಡ್ನೆಸ್ ಎಂದು ಅಂಕ ಕೊಡುತ್ತದೆ. ಪ್ರಿನ್ಸಿಪಾಲರ ಕಣ್ಣಿಗೆ ಸರಿಯಾಗಿ ಅದೇ ಸಾಲು ಬಿತ್ತು.

"ಬ್ಯಾಡ್ನೆಸ್ ಹತ್ತ ಸಾವಿರ ಅಂತಲ್ರಿ ನದಾಫ. ಯಾರ ಬಗ್ಗೆ ಬರದೈತಿದು?"

"ಸಾಲಿನ ಬಗ್ಗೆ ಸರ್."

"ನಮ್ಮ ಸಾಲಿ ಬಗ್ಗೆ ಇದಕ್ಕ ಏನ್ ಗೊತ್ತು?"

ಅದು ಶಾಲೆಯಲ್ಲ, ಪಂಕ್ತಿ ಎಂದು ನದಾಫರು ತಿಳಿಹೇಳುವಷ್ಟರಲ್ಲಿ ಕಿಟಕಿ ಓಟ ನಿಲ್ಲಿಸಿ ತಪ್ಪು ತೋರಿಸಿತು. ಗಣಿತದ ಭಾಗದ ಹಿಂದೆಮುಂದೆ ಡಾಲರ್ ಚಿಹ್ನೆ ಹಾಕಬೇಕು. ನದಾಫರು ಒಂದನ್ನು ಮರೆತಿದ್ದರು. ಡಾಲರ್ ಇಲ್ಲ ಎಂದು ಪರದೆಯ ಮೇಲೆ ಬಂತು. ಬಿರಾದಾರರು ಎದ್ದೇ ನಿಂತರು.

"ನೋಡ್ರಿ ಸರ್, ಇದು ಡಾಲರ್ ಕೇಳಾಕತ್ತೈತಿ! ಲ್ಯಾಬಿಗೆ ಟ್ಯೂಬ್‌ಲೈಟ್ ಹಾಕ್ಸಾಕ ನಮಗ ಗತಿ ಇಲ್ಲ."

ಸಭೆ ಮುಂದಕ್ಕೆ ಹೋಯಿತು.

ಮೂರನೆಯ ಸಭೆಯಲ್ಲಿ ನಾನು ಪಟ್ಟುಹಿಡಿದು ಮಾತಾಡಿದೆ. ಫೋಟೋ, ಹಾಡು, ಹಾರಾಟ ಬೇಕಿದ್ದರೆ ಪಿಪಿಟಿಯೇ ಸಲೀಸು, ಅದರಲ್ಲಿ ಎರಡು ಮಾತಿಲ್ಲ. ಸಮೀಕರಣ ಇದ್ದರೆ, ಕನ್ನಡ ಇದ್ದರೆ, ಪರರ ಕಂಪ್ಯೂಟರಿನಲ್ಲಿ ತೋರಿಸಬೇಕಿದ್ದರೆ, ಮುಂದಿನ ವರ್ಷ ಅದನ್ನೇ ತಿದ್ದಿ ಬಳಸಬೇಕಿದ್ದರೆ ಬೀಮರ್ ವಾಸಿ. ಕಲಿಯಲು ಕಷ್ಟ, ಕಲಿತ ಮೇಲೆ ನೆಮ್ಮದಿ. ಇಷ್ಟೂ ಹೇಳಿ, ಈಗ ಸ್ಲೈಡಿನಲ್ಲಿ ಏನು ಬರೆಯಬೇಕೆಂದು ಮಾತಾಡೋಣವೇ ಎಂದೆ. ಪ್ರಿನ್ಸಿಪಾಲರು ಪೆನ್ನಿನ ಕ್ಯಾಪು ಕಡಿಯುತ್ತ ಯೋಚಿಸಿ ಬಿರಾದಾರರ ಕಡೆ ತಿರುಗಿದರು.

"ಮುದ್ದೇಬಿಹಾಳ ಕಾಲೇಜಿನವ್ರು ಯಾವುದ್ರಾಗ ಮಾಡ್ಯಾರ?"

"ಪಿಪಿಟಿ ಸರ್. ಭಾಳ ಚಂದ ಮಾಡ್ಯಾರಂತ."

"ಹಂಗಾದ್ರ ನಮಗ ಅದು ಬ್ಯಾಡ," ಎಂದರು ಹೊಸಮನಿ ಸರ್. "ಬೀಮರ್ ಅಂತ ಬರಕೋರಿ."

ಹೀಗೆ ಸಾಧನದ ಆಯ್ಕೆ ಮುಗಿಯಿತು. ಆದರೆ ಬೀಮರಿನಲ್ಲಿ ಸ್ಲೈಡಿನ ಅಂದಚಂದಕ್ಕೆ ಸಿದ್ಧ ಮಾದರಿಗಳಿವೆ, ಅವಕ್ಕೆ ಊರುಗಳ ಹೆಸರಿಟ್ಟಿದ್ದಾರೆ. ಇದನ್ನು ನದಾಫರು ಹೇಳದೆ ಇರಬೇಕಿತ್ತು. ಇನ್ನೊಂದು ಸಭೆ ಸೇರಿತು. ಬರ್ಲಿನ್ ಎಂದಾಗ ಇತಿಹಾಸದ ಸರ್, ಮಹಾಯುದ್ಧದ ನೆನಪು ತರುವಂಥದ್ದು ಬೇಡ ಎಂದರು. ವಾರ್ಸಾ ಎಂದರೂ ಅವರದೇ ಆಕ್ಷೇಪ. ಮ್ಯಾಡ್ರಿಡ್ ಎಲ್ಲಿದೆ ಎಂಬ ಬಗ್ಗೆ ಸ್ವಲ್ಪ ಹೊತ್ತು ಚರ್ಚೆ ಆಯಿತು.

"ನಮ್ಮ ಕಡೀವು ಯಾವ್ದೂ ಇಲ್ಲೇನ್ರಿ?" ಎಂದು ಕೇಳಿದರು ಪ್ರಿನ್ಸಿಪಾಲರು.

"ಇಲ್ರಿ ಸರ್. ಸಿಂಗಪುರ ಐತಿ."

"ಅದ ಇರ್ಲಿ. ಇದ್ದದ್ರಾಗ ಅದ ಸಮೀಪ."

ತಂಡ ಬರುವ ದಿನ ಎದುರಿಗೇ ಬಂದಿತ್ತು. ಸ್ಲೈಡಿನಲ್ಲಿ ಏನಿರಬೇಕೆಂದು ಕೊನೆಗೂ ಯಾವ ಸಭೆಯೂ ಚರ್ಚಿಸಲಿಲ್ಲ. ಅದರಿಂದ ನನಗೆ ಉಪಕಾರವೇ ಆಯಿತು, ನನಗೆ ಬೇಕಾದದ್ದನ್ನು ಬರೆದುಕೊಂಡೆ. ಯಾವ ಹಳ್ಳಿಯಿಂದ ಯಾವ ಹುಡುಗಿ ಯಾವ ಬಸ್ಸಿಗೆ ಬರುತ್ತಾಳೆ, ಬಸ್ಸು ತಪ್ಪಿದ ದಿನ ಏನು ಮಾಡುತ್ತಾಳೆ, ಇಲ್ಲಿ ಗಣಿತ ಓದಿ ಹೋದವರು ಈಗ ಯಾವ ಯಾವ ಶಾಲೆಯಲ್ಲಿ ಕಲಿಸುತ್ತಿದ್ದಾರೆ, ವಿಭಾಗ ಮುಚ್ಚಿದರೆ ಮೊದಲು ಮನೆಯಲ್ಲಿ ಕೂರುವವರು ಯಾರು. ಜೊತೆಗೆ ಮಕ್ಕಳು ತಾವೇ ಬಿಡಿಸಿದ ಒಂದು ಕಠಿಣ ಲೆಕ್ಕ.

ತಂಡ ಬಂದ ದಿನ ಎಲ್ಲವೂ ನೆಟ್ಟಗೆ ನಡೆಯಿತು. ಕರೆಂಟ್ ಹೋಗಲಿಲ್ಲ, ಅಕ್ಷರ ಏಳಲಿಲ್ಲ. ನಾನು ಮಾತಾಡುತ್ತ ಹೋದಂತೆ ತಂಡದ ಮುಖ್ಯಸ್ಥರು ಕುರ್ಚಿಯ ತುದಿಗೆ ಬಂದು ಪರದೆಯನ್ನೇ ನೋಡತೊಡಗಿದರು. ದಕ್ಷಿಣದ ಕಡೆಯ ಹಿರಿಯ ಪ್ರಾಧ್ಯಾಪಕರು ಅವರು. ನನಗೆ ಧೈರ್ಯ ಬಂತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ರೇಣುಕಾ ಅವರ ಮುಖವನ್ನೇ ನೋಡುತ್ತಿದ್ದಳು. ನಾನು ಮುಗಿಸಿದೆ. ಮುಖ್ಯಸ್ಥರು ಎದ್ದರು.

"ಮೇಡಂ, ಒಂದೇ ಒಂದು ಪ್ರಶ್ನೆ. ಈ ಸ್ಲೈಡ್ಸ್‌ನ ಯಾವುದರಲ್ಲಿ ಮಾಡಿದ್ದೀರಾ?"

ಬೀಮರ್ ಎಂದೆ. ಕನ್ನಡ ಹೇಗೆ ಬಂತು ಎಂದು ಕೇಳಿದರು. ನದಾಫರು ವಿವರಿಸಿದರು. ಮೇಲ್ಗಡೆಯ ಪಟ್ಟಿಯಲ್ಲಿ ಸಣ್ಣ ಸಣ್ಣ ಚುಕ್ಕಿ ಓಡುತ್ತವಲ್ಲ, ಅದು ಹೇಗೆ ಎಂದರು. ಅದನ್ನೂ ನದಾಫರೇ ವಿವರಿಸಿದರು. ತಂಡದ ಇನ್ನೊಬ್ಬ ಸದಸ್ಯರು ತಾವು ಪಿಪಿಟಿಯವರೆಂದೂ ಇದರಲ್ಲಿ ಏನು ಹೆಚ್ಚುಗಾರಿಕೆಯೆಂದೂ ವಾದಕ್ಕೆ ನಿಂತರು. ಊಟದ ಗಂಟೆಯವರೆಗೂ ಅತಿಥಿಗಳು ತಮ್ಮತಮ್ಮಲ್ಲೇ ಜಗಳಾಡಿದರು. ಬಸ್ಸಿನ ಬಗ್ಗೆ, ಹುಡುಗಿಯರ ಬಗ್ಗೆ, ಮಕ್ಕಳು ಬಿಡಿಸಿದ ಲೆಕ್ಕದ ಬಗ್ಗೆ ಯಾರೂ ಒಂದು ಮಾತು ಕೇಳಲಿಲ್ಲ. ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಇತ್ತು. ಅದರ ಬಗ್ಗೆ ಕೇಳಿದರು.

ವರದಿ ಬಂತು. ಗಣಿತ ವಿಭಾಗವನ್ನು ಮುಂದುವರಿಸಬಹುದು ಎಂದಿತ್ತು. ಕಾರಣ ಆಧುನಿಕ ಅಕ್ಷರ ಜೋಡಣಾ ತಂತ್ರಜ್ಞಾನದ ಶ್ಲಾಘನೀಯ ಬಳಕೆ. ರೇಣುಕಾ ಸ್ಟಾಫ್‌ರೂಮಿಗೆಲ್ಲ ಪೇಡೆ ಹಂಚಿದಳು. ಬಿರಾದಾರರು ಒಂದನ್ನು ಹೆಚ್ಚಿಗೆ ತೆಗೆದುಕೊಂಡು, ತಾವು ಮೊದಲಿನಿಂದಲೂ ಬೀಮರಿನ ಪರವೇ ಇದ್ದದ್ದಾಗಿ ಹೇಳಿದರು.

ವರದಿಯ ಕೊನೆಯಲ್ಲಿ ಇನ್ನೊಂದು ಸಾಲಿತ್ತು. ಈ ತಂತ್ರಜ್ಞಾನವನ್ನು ಸುತ್ತಲಿನ ತಾಲ್ಲೂಕುಗಳ ಕಾಲೇಜುಗಳಿಗೂ ಕಲಿಸತಕ್ಕದ್ದು, ಸಂಪನ್ಮೂಲ ವ್ಯಕ್ತಿ ಗಣಿತದ ಮೇಡಂ.

ನದಾಫರನ್ನು ಕಳಿಸಿ ಎಂದೆ. ಹೆಸರು ಯಾರದಿದೆಯೋ ಅವರೇ ಹೋಗಬೇಕಂತೆ. ಹೋದೆ. ಇಂಡಿಯಲ್ಲಿ ಒಂದು ವಾರ. ಅಲ್ಲಿ ಸಭಾಂಗಣ ತುಂಬ ಜನ, ಎಲ್ಲರದೂ ಪ್ರಮಾಣಪತ್ರ ಊಟಕ್ಕೆ ಮೊದಲು ಕೊಡುತ್ತೀರೋ ಆಮೇಲೋ ಎಂಬ ಪ್ರಶ್ನೆ. ಕೊನೆಯ ದಿನ ಸಂಜೆ ಎಂದಿದ್ದಕ್ಕೆ ವಾರವಿಡೀ ಕೂತರು, ಬೀಮರನ್ನು ಸಹಿಸಿಕೊಂಡರು. ಮುದ್ದೇಬಿಹಾಳದಲ್ಲಿ ಒಂದು ವಾರ. ಅಲ್ಲಿಯ ಯುವ ಉಪನ್ಯಾಸಕರೊಬ್ಬರು ಶ್ರದ್ಧೆಯಿಂದ ಎಲ್ಲ ಕಲಿತು ಕೊನೆಯ ದಿನ ಬಂದರು.

"ಮೇಡಮ್, ಇದನ್ನ ಪಿಪಿಟಿಗೆ ಹೆಂಗ ಬದಲಿ ಮಾಡೂದು ಹೇಳ್ರಿ. ನಮ್ಮ ಸಾಹೇಬ್ರಿಗೆ ಅದ ಬೇಕ್ರಿ."

ಮತ್ತೆ ಇಂಡಿ, ಮತ್ತೆ ಮುದ್ದೇಬಿಹಾಳ, ಎರಡನೆಯ ಹಂತವಂತೆ. ನಡುವೆ ಸಿಂದಗಿಗೆ ಬಂದಾಗ ಹಾಜರಿಗೆ ಸಹಿ ಮಾಡಿ ಮುಂದಿನ ಪ್ರಯಾಣದ ತಯಾರಿ. ಅಂಥ ಒಂದು ದಿನ ವರಾಂಡದಲ್ಲಿ ರೇಣುಕಾ ಅಡ್ಡ ನಿಂತಳು. ನಮಸ್ಕಾರ ಹೇಳಲಿಲ್ಲ.

"ಮೇಡಮ್, ಸೆಕ್ಷನ್ ಉಳೀತಂತ ನಾ ಪೇಡೆ ಹಂಚಿದ್ನಿ. ಕ್ಲಾಸ್ ಮಾತ್ರ ಉಳದಿಲ್ರಿ."

ನಾನು ಏನೋ ಹೇಳಹೋದೆ. ಆದೇಶ, ಸಂಪನ್ಮೂಲ, ಎರಡನೆಯ ಹಂತ. ಅವಳು ಪೂರ್ತಿ ಕೇಳಿದಳು.

"ನಮಗ ಸಮಾಕಲ ಯಾರ್ ಹೇಳ್ಯಾರ್ರಿ? ದಿನಾ ಬಸ್ಸಿಗೆ ಬರ್ತೇವಿ, ಖಾಲಿ ಖೋಲಿಯೊಳಗ ಕುಂತು ಹೋಗ್ತೇವಿ. ಇದಕ್ಕಿಂತ ಬಿ.ಎ. ಚಲೋ ಇತ್ತು."

ಅಷ್ಟು ಹೇಳಿ ಹೋದಳು. ಆ ಸಲದ ತರಬೇತಿ ಬಸವನ ಬಾಗೇವಾಡಿಯಲ್ಲಿ, ನನಗೆ ಬಸ್ಸಿನ ಹೊತ್ತಾಗಿತ್ತು. ಬ್ಯಾಗು ಹೆಗಲಲ್ಲಿತ್ತು. ನಾನು ಬಸ್‌ಸ್ಟ್ಯಾಂಡಿಗೆ ಹೋಗದೆ ಪ್ರಿನ್ಸಿಪಾಲರ ಕೋಣೆಗೆ ಹೋದೆ.

"ಸರ್, ಬಸವನ ಬಾಗೇವಾಡಿಗೆ ನಾ ಹೋಗೂದಿಲ್ರಿ. ನಾಳಿಂದ ಕ್ಲಾಸ್ ತಗೋತೇನಿ."

ಹೊಸಮನಿ ಸರ್ ಗಾಬರಿಯಾದರು. "ಏನ್ ಮೇಡಮ್ ಹಿಂಗಂತೀರಿ! ಆ ಬೀಮರ್‌ನಿಂದನ ಅಲ್ರಿ ನಿಮ್ಮ ಸೆಕ್ಷನ್ ಉಳದದ್ದು?"

"ಹುಡುಗ್ಯಾರು ಕಲೀಲಿ ಅಂತ ಉಳಿಸಿದ್ವಿ ಸರ್. ನಾ ಊರೂರು ತಿರಗಾಡಲಿ ಅಂತಲ್ಲ."

"ಬಿರಾದಾರ್ನ ಕಳಸೋಣಂದ್ರ ಆದೇಶದಾಗ ನಿಮ್ಮ ಹೆಸರೈತಿ. ನೀವ್ಯಾಕ ಬರಲಿಲ್ಲ ಅಂತ ಕೇಳ್ತಾರ. ಏನಂತ ಬರೀಲಿ?"

"ಗಣಿತದ ಮೇಡಮ್ ಗಣಿತ ಕಲಸಾಕತ್ತಾರ ಅಂತ ಬರೀರಿ."

ಅವರು ಪೆನ್ನು ಎತ್ತಿಕೊಂಡರು. ಮತ್ತೆ ಕೆಳಗಿಟ್ಟರು. ಅವರ ಮುಖದಲ್ಲಿ ನಿಜವಾದ ಕಾಳಜಿ ಇತ್ತು.

"ಹಂಗ ಬರದ್ರ ಮ್ಯಾಲಿನವ್ರು ನಂಬೂದಿಲ್ರಿ ಮೇಡಮ್. ಬೆನ್ನುನೋವು ಅಂತ ಬರೀತೇನಿ. ಬಸ್ಸಿನ ಪ್ರಯಾಣ ಆಗೂದಿಲ್ಲ ಅಂತ."

ಆ ಒಂದು ಸಲ ಅವರು ಸಮಿತಿ ಮಾಡಲಿಲ್ಲ. ಅದಕ್ಕಾಗಿ ನಾನು ಇವತ್ತಿಗೂ ಅವರಿಗೆ ಕೃತಜ್ಞಳು. ಬಿರಾದಾರರು ಬಾಗೇವಾಡಿಗೆ ಹೋಗಿ, ಮೂರು ದಿನ ಬೀಮರಿನ ಮಹತ್ವದ ಬಗ್ಗೆ ಪಿಪಿಟಿಯಲ್ಲಿ ಮಾತಾಡಿ, ಶಾಲು ಹೊದ್ದು ಬಂದರು.

ನಾನು ಮರುದಿನ ಕ್ಲಾಸಿಗೆ ಹೋದೆ. ರೇಣುಕಾ ಮೊದಲ ಬೆಂಚಿನಲ್ಲಿ ಕೂತಿದ್ದಳು, ಇನ್ನೂ ಮುಖ ಗಂಟಿಕ್ಕಿಕೊಂಡೇ. ಪರದೆ ಇಳಿಸಲಿಲ್ಲ. ಕೆಲವು ಪಾಠಕ್ಕೆ ಸ್ಲೈಡ್ ಬೇಕು, ಇದಕ್ಕೆ ಬೇಡವಾಗಿತ್ತು. ಒಂದು ವಕ್ರರೇಖೆ ಎಳೆದು, ಅದರ ಕೆಳಗಿನ ಜಾಗವನ್ನು ಪಟ್ಟಿಪಟ್ಟಿಯಾಗಿ ಕೊಯ್ದು, ಪಟ್ಟಿಯನ್ನು ತೆಳ್ಳಗೆ ಮಾಡುತ್ತ ಹೋದೆ. ಒಂದು ಹಂತದಲ್ಲಿ ಅವಳು, "ನಿಲ್ರಿ ಮೇಡಮ್, ಇದು ತಿಳೀಲಿಲ್ಲ," ಎಂದಳು. ಆ ಮಾತನ್ನು ನಾನು ಎಷ್ಟು ಕಾಲದಿಂದ ಕೇಳಿರಲಿಲ್ಲ! ಒರೆಸಿ ಮತ್ತೆ ಮೊದಲಿನಿಂದ ಸುರುಮಾಡಿದೆ.

ಅಂದಿನಿಂದ ದಾಖಲೆಯಲ್ಲಿ ನಾನು ರೋಗಿ, ಖೋಲಿಯಲ್ಲಿ ದಿನವಿಡೀ ನಿಂತು ಪಾಠ ಹೇಳುವವಳು. ಒಂದು ಮಧ್ಯಾಹ್ನ ಕ್ಲಾಸಿನ ನಡುವೆಯೇ ಇಂಡಿಯಿಂದ ಫೋನ್ ಬಂತು. ಮೂರನೆಯ ಹಂತದ ತರಬೇತಿಯ ಸಂಚಾಲಕರು. ಹುಡುಗಿಯರು ಲೆಕ್ಕ ಬಿಡಿಸುತ್ತಿದ್ದರು, ನಾನು ಬಾಗಿಲ ಹತ್ತಿರ ಬಂದೆ.

"ಬೆನ್ನು ಹೆಂಗೈತ್ರಿ ಮೇಡಮ್?"

"ಇನ್ನೂ ಐತ್ರಿ ಸರ್."

"ಅಯ್ಯ ಪಾಪ. ಯಾವಾಗ ಕಡಿಮಿ ಆಕ್ಕೈತಿ ಅಂತ ಡಾಕ್ಟ್ರು ಏನರ ಹೇಳ್ಯಾರೇನ್ರಿ?"

ಒಳಗೆ ರೇಣುಕಾ ಉತ್ತರ ಸಿಕ್ಕಿತೆಂದು ಕೈಯೆತ್ತಿದ್ದಳು.

"ಪರೀಕ್ಷಾ ಮುಗಿಯೂತನಾ ಇರ್ತೈತಂತ್ರಿ," ಎಂದು ಹೇಳಿ ನಾನು ಒಳಗೆ ಹೋದೆ.